ಪವರ್ ಹೌಸ್‌ಗೆ ಡಿಎನ್‌ಎ ಯಾಕೆ? ಕೋಶದೊಳಗೆ ನೆಲೆಸಿದ ಬ್ಯಾಕ್ಟೀರಿಯಾ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಪಿಯು ವಿದ್ಯಾರ್ಥಿನಿ, ದಾವಣಗೆರೆ): ಮೇಡಂ, ಮೈಟೋಕಾಂಡ್ರಿಯಾ ಜೀವಕೋಶದ ಪವರ್ ಹೌಸ್ ಅಂತ ಎಂಟನೇ ಕ್ಲಾಸಿಂದ ಓದ್ತಾ ಇದ್ದೀನಿ. ಈಗ ಅದಕ್ಕೆ ಸ್ವಂತ ಡಿಎನ್‌ಎ ಇದೆ ಅಂತಾರೆ. ಪವರ್ ಹೌಸ್‌ಗೆ ಡಿಎನ್‌ಎ ಯಾಕೆ ಬೇಕು? ಕ್ಲಾಸಲ್ಲಿ ಕೇಳಿದ್ರೆ "ಅದು ಎಂಡೋಸಿಂಬಯೋಸಿಸ್, ಪರೀಕ್ಷೆಗೆ ಬರಲ್ಲ" ಅಂದುಬಿಟ್ರು.

ಉತ್ತರ: ಪರೀಕ್ಷೆಗೆ ಬರದಿದ್ದರೂ ಪರವಾಗಿಲ್ಲ, ಪ್ರಶ್ನೆ ಒಳ್ಳೆಯದು. ನಾನು ಪದವಿ ತರಗತಿಗೆ ಕೋಶ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ವರ್ಷ ಯಾರಾದರೂ ಒಬ್ಬರು ಇದನ್ನು ಕೇಳುತ್ತಾರೆ, ಉಳಿದವರು ಪವರ್ ಹೌಸ್ ಅಂತ ಬರೆದು ಮುಂದೆ ಹೋಗುತ್ತಾರೆ.

ಅದಕ್ಕೆ ಡಿಎನ್‌ಎ ಇರುವುದು ಯಾಕೆಂದರೆ, ಅದು ಒಂದು ಕಾಲದಲ್ಲಿ ತನ್ನ ಪಾಡಿಗೆ ಬದುಕುತ್ತಿದ್ದ ಬ್ಯಾಕ್ಟೀರಿಯಾ. ಒಂದೂವರೆ ಶತಕೋಟಿ ವರ್ಷಕ್ಕೂ ಹಿಂದೆ ಇನ್ನೊಂದು ಕೋಶದೊಳಗೆ ಬಂದು ಸೇರಿತು, ಅಲ್ಲೇ ಉಳಿಯಿತು. ಒಂದು ಜೀವಿಯೊಳಗೆ ಇನ್ನೊಂದು ಜೀವಿ ಬಾಳುವುದಕ್ಕೆ ಎಂಡೋಸಿಂಬಯೋಸಿಸ್ ಎನ್ನುತ್ತಾರೆ, ಕನ್ನಡದಲ್ಲಿ ಒಳಸಹಜೀವನ. ಗಿಡದ ಹಸಿರು ಕಣ, ಅಂದರೆ ಕ್ಲೋರೋಪ್ಲಾಸ್ಟ್, ಅದೂ ಹೀಗೇ ಬಂದದ್ದು. ಅದು ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯಾದ ವಂಶ.

ಅಡುಗೆಮನೆಗೆ ಬನ್ನಿ. ಕಾಯಿಸಿ ಆರಿಸಿದ ಹಾಲು ಎಷ್ಟು ಲೀಟರ್ ಇದ್ದರೂ ಹೆಪ್ಪು ಹಾಕದೆ ಒಳ್ಳೆ ಮೊಸರಾಗುವುದಿಲ್ಲ. ಇವತ್ತಿನ ಹೆಪ್ಪು ನಿನ್ನೆಯ ಮೊಸರಿನದು, ನಿನ್ನೆಯದು ಮೊನ್ನೆಯದು. ಮೈಟೋಕಾಂಡ್ರಿಯಾ ಕೂಡ ಹಾಗೇ. ಕೋಶಕ್ಕೆ ಅದನ್ನು ಹೊಸದಾಗಿ ಕಟ್ಟಲು ಬರುವುದಿಲ್ಲ. ಇರುವ ಮೈಟೋಕಾಂಡ್ರಿಯಾ ಬೆಳೆದು ಎರಡಾಗಬೇಕು, ಬ್ಯಾಕ್ಟೀರಿಯಾ ಎರಡಾದ ಹಾಗೆ. ನಿಮ್ಮ ಮೈಯಲ್ಲಿರುವ ಒಂದೊಂದು ಮೈಟೋಕಾಂಡ್ರಿಯಾವೂ ನಿಮ್ಮ ಅಮ್ಮನ ಅಂಡದಲ್ಲಿದ್ದ ಹೆಪ್ಪಿನಿಂದ ಬಂದದ್ದು.

ಇನ್ನು ಗುರುತುಗಳು. ಮನುಷ್ಯರ ಮೈಟೋಕಾಂಡ್ರಿಯಾದ ಡಿಎನ್‌ಎ ಬಳೆಯ ಹಾಗೆ ದುಂಡಗಿದೆ, ಹೆಚ್ಚಿನ ಬ್ಯಾಕ್ಟೀರಿಯಾಗಳದ್ದು ಇದ್ದ ಹಾಗೆ. ಅದರ ಉದ್ದ 16,569 ಅಕ್ಷರ. ಒಳಗೆ 37 ಜೀನ್‌ಗಳಿವೆ. ಪ್ರೋಟೀನ್ ತಯಾರಿಸುವ ರೈಬೋಸೋಮ್ ಅದಕ್ಕೆ ಬೇರೆಯೇ ಇದೆ, ಅದೂ ಬ್ಯಾಕ್ಟೀರಿಯಾದ ಜಾತಿಯದು. ಸುತ್ತಲೂ ಎರಡು ಪೊರೆ. ಒಳಪೊರೆಯಲ್ಲಿ ಕಾರ್ಡಿಯೋಲಿಪಿನ್ ಎಂಬ ಕೊಬ್ಬು ಇದೆ. ಇದು ಬ್ಯಾಕ್ಟೀರಿಯಾದ ಪೊರೆಯಲ್ಲಿ ಸಾಮಾನ್ಯ, ನಮ್ಮ ಕೋಶದ ಬೇರೆ ಪೊರೆಗಳಲ್ಲಿ ಇಲ್ಲವೆಂದೇ ಹೇಳಬಹುದು.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ದೊಡ್ಡ ಕೋಶ ಸಣ್ಣದನ್ನು ನುಂಗಿತು, ಆದರೆ ಜೀರ್ಣ ಆಗಲಿಲ್ಲ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಹೌದಾ?

ಉತ್ತರ: ಕ್ಲೋರೋಪ್ಲಾಸ್ಟ್ ವಿಷಯದಲ್ಲಿ ಆ ಕಥೆ ಸರಿಹೋಗುತ್ತದೆ. ಮೈಟೋಕಾಂಡ್ರಿಯಾ ವಿಷಯದಲ್ಲಿ ಅಷ್ಟು ಸಲೀಸಲ್ಲ. ನುಂಗಲು ಬಾಯಿ ಬೇಕಲ್ಲ? ಪೊರೆಯನ್ನು ಬಗ್ಗಿಸಿ ಇನ್ನೊಂದನ್ನು ಸುತ್ತಿಕೊಳ್ಳುವ ಕೆಲಸಕ್ಕೆ ತುಂಬಾ ಶಕ್ತಿ ಬೇಕು, ದೊಡ್ಡ ಮೈ ಬೇಕು. ಅದೆಲ್ಲ ಮೈಟೋಕಾಂಡ್ರಿಯಾ ಬರುವ ಮುಂಚೆಯೇ ಇತ್ತೋ, ಬಂದ ಮೇಲೆ ಬಂತೋ ಎಂಬುದೇ ಜಗಳ.

ಮನೆ ಯಜಮಾನ, ಅಂದರೆ ಆ ಬ್ಯಾಕ್ಟೀರಿಯಾವನ್ನು ಒಳಗೆ ಇಟ್ಟುಕೊಂಡ ಕೋಶ, ಯಾರು ಅನ್ನುವುದು ಮಾತ್ರ ಈಗ ಸುಮಾರಾಗಿ ಗೊತ್ತಾಗಿದೆ. ಆರ್ಕಿಯಾ ಅಂತ ಒಂದು ಸೂಕ್ಷ್ಮಜೀವಿಗಳ ಗುಂಪಿದೆ. ನೋಡಲು ಬ್ಯಾಕ್ಟೀರಿಯಾ ಹಾಗೇ, ಆದರೆ ವಂಶವೇ ಬೇರೆ. 2015ರಲ್ಲಿ ಗ್ರೀನ್‌ಲ್ಯಾಂಡ್ ಮತ್ತು ನಾರ್ವೆ ನಡುವಿನ ಸಮುದ್ರತಳದ ಕೆಸರಿನಲ್ಲಿ ಹೊಸ ಆರ್ಕಿಯಾದ ಡಿಎನ್‌ಎ ಸಿಕ್ಕಿತು. ಹತ್ತಿರದಲ್ಲೇ 'ಲೋಕಿಯ ಕೋಟೆ' ಅನ್ನುವ ಬಿಸಿನೀರಿನ ಚಿಲುಮೆ ಇರುವುದರಿಂದ ಲೋಕಿ ಆರ್ಕಿಯಾ ಎಂದು ಹೆಸರಿಟ್ಟರು. ನಮ್ಮಂಥ ಕೋಶಗಳಲ್ಲಿ ಮಾತ್ರ ಇವೆ ಅಂದುಕೊಂಡಿದ್ದ ಎಷ್ಟೋ ಜೀನ್‌ಗಳು ಅದರಲ್ಲಿದ್ದವು.

ಆದರೆ ಡಿಎನ್‌ಎ ಮಾತ್ರ ಸಿಕ್ಕಿತ್ತು, ಜೀವಿಯನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಜಪಾನಿನ ಒಂದು ತಂಡ ಎರಡೂವರೆ ಕಿಲೋಮೀಟರ್ ಆಳದ ಕೆಸರನ್ನು ತಂದು, ಅದೇ ಬಳಗದ ಒಂದು ಜೀವಿಯನ್ನು ಸಾಕಲು ಕೂತಿತು. 12 ವರ್ಷ ಹಿಡಿಯಿತು! ನಮ್ಮ ಪ್ರಯೋಗಶಾಲೆಯ ಇ. ಕೋಲಿ 20 ನಿಮಿಷಕ್ಕೆ ಎರಡಾಗುತ್ತದೆ. ಇದು ಎರಡಾಗಲು 14ರಿಂದ 25 ದಿನ ತೆಗೆದುಕೊಳ್ಳುತ್ತದೆ. 2020ರಲ್ಲಿ ಅದರ ಚಿತ್ರ ಹೊರಬಂದಾಗ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಪುಟ್ಟ ಗೋಲಿಯಂಥ ಕೋಶ, ಅದರಿಂದ ಹೊರಟ ಉದ್ದುದ್ದ ಕವಲು ತೋಳುಗಳು. ಒಂಟಿಯಾಗಿ ಬಿಟ್ಟರೆ ಬೆಳೆಯುವುದೇ ಇಲ್ಲ, ಪಕ್ಕದಲ್ಲಿ ಬೇರೆ ಸೂಕ್ಷ್ಮಜೀವಿ ಇರಬೇಕು. ಹಾಗಾಗಿ ನುಂಗುವ ಬದಲು, ಪಕ್ಕದಲ್ಲೇ ಬದುಕುತ್ತಿದ್ದ ಬ್ಯಾಕ್ಟೀರಿಯಾವನ್ನು ತೋಳುಗಳು ನಿಧಾನಕ್ಕೆ ಸುತ್ತುವರಿದಿರಬಹುದು ಎಂದು ಆ ತಂಡ ಊಹಿಸಿತು. ಊಹೆಯೇ, ಆದರೆ ನನಗೆ ನುಂಗುವ ಕಥೆಗಿಂತ ಇದು ಜಾಸ್ತಿ ಒಪ್ಪಿಗೆಯಾಗುತ್ತದೆ. ಒಂದೇ ದಿನ ಆದ ಅಪಘಾತಕ್ಕಿಂತ, ನೆರೆಹೊರೆ ಬೆಳೆದು ನಂಟಾಯಿತು ಅನ್ನುವುದು ಹೆಚ್ಚು ನಂಬುವ ಹಾಗಿದೆ.

ಪ್ರಶ್ನೆ (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು): ಹಾಗಾದರೆ ಮೈಟೋಕಾಂಡ್ರಿಯಾವನ್ನು ಹೊರಗೆ ತೆಗೆದು ಬ್ಯಾಕ್ಟೀರಿಯಾ ತರಹ ಸಾಕಬಹುದಲ್ವಾ?

ಉತ್ತರ: ಆಗುವುದಿಲ್ಲ. ಅಮೆರಿಕದ ಐವನ್ ವಾಲಿನ್ 1920ರ ದಶಕದಲ್ಲೇ ಸಾಕಿದ್ದೇನೆ ಎಂದು ಹೇಳಿಕೊಂಡಿದ್ದ. ಬೇರೆಯವರಿಗೆ ಅದನ್ನು ಮಾಡಿ ತೋರಿಸಲು ಆಗಲಿಲ್ಲ.

ಯಾಕೆ ಆಗುವುದಿಲ್ಲ ಅಂದರೆ, ಆಸ್ತಿಪತ್ರವೆಲ್ಲ ಅದರ ಕೈಬಿಟ್ಟು ಹೋಗಿದೆ. ನಮ್ಮಲ್ಲಿ ಭೂಸುಧಾರಣೆ ಬಂದಾಗ ಗೇಣಿ ಒಕ್ಕಲಿಗೆ ಜಮೀನು ಸಿಕ್ಕಿತು, ಉಳುವವನೇ ಒಡೆಯನಾದ. ಇಲ್ಲಿ ನಡೆದದ್ದು ಉಲ್ಟಾ. ಒಕ್ಕಲಾಗಿ ಬಂದದ್ದು ತನ್ನ ಪತ್ರಗಳನ್ನು ಒಂದೊಂದಾಗಿ ಧಣಿಯ ಬೀರುವಿಗೆ ಕಳೆದುಕೊಂಡಿತು. ಬೀರು ಅಂದರೆ ಕೋಶಕೇಂದ್ರ. ಮೈಟೋಕಾಂಡ್ರಿಯಾ ಕೆಲಸ ಮಾಡಲು ಸಾವಿರಕ್ಕೂ ಮಿಕ್ಕಿ ಪ್ರೋಟೀನ್ ಬೇಕು. ಅದರ ಹತ್ತಿರ ಉಳಿದಿರುವ ಜೀನ್‌ಗಳಿಂದ ಬರುವುದು ಬರೀ 13. ಉಳಿದದ್ದಕ್ಕೆಲ್ಲ ಆದೇಶ ಕೋಶಕೇಂದ್ರದಿಂದ ಬರುತ್ತದೆ. ಪ್ರೋಟೀನ್ ಹೊರಗೆ ತಯಾರಾಗಿ, ತುದಿಯಲ್ಲಿ ಒಂದು ವಿಳಾಸಚೀಟಿ ಹಚ್ಚಿಕೊಂಡು, ಎರಡು ಪೊರೆ ದಾಟಿ ಒಳಗೆ ಹೋಗುತ್ತದೆ. ಒಳಗೆ ಹೋದ ಮೇಲೆ ಆ ಚೀಟಿಯನ್ನು ಕತ್ತರಿಸಿ ಬಿಸಾಡುತ್ತಾರೆ.

ಆ 13 ಮಾತ್ರ ಯಾಕೆ ಅಲ್ಲೇ ಉಳಿದವು? ಅವು ತುಂಬಾ ಜಿಡ್ಡಿನ ಸ್ವಭಾವದ ಪ್ರೋಟೀನ್‌ಗಳು, ಹೊರಗಿನಿಂದ ಸಾಗಿಸುವುದು ಕಷ್ಟ ಎಂದು ಕೆಲವರು. ಶಕ್ತಿ ತಯಾರಿಕೆಯ ಲಗಾಮು ಸ್ಥಳದಲ್ಲೇ ಇರಬೇಕು, ಹೆಡ್ ಆಫೀಸಿಗೆ ಫೈಲ್ ಕಳಿಸಿ ಕಾಯಲು ಆಗುವುದಿಲ್ಲ ಎಂದು ಇನ್ನು ಕೆಲವರು. ಎರಡರಲ್ಲೂ ಸತ್ಯ ಇದೆ ಅಂತ ನನ್ನ ಅನಿಸಿಕೆ.

ನೀವು ಸಾಫ್ಟ್‌ವೇರ್‌ನವರು, ಇದು ಇಷ್ಟವಾಗಬಹುದು: ವರ್ಗಾವಣೆ ಅಚ್ಚುಕಟ್ಟಾಗಿ ಆದದ್ದಲ್ಲ. ನಮ್ಮ ಕೋಶಕೇಂದ್ರದ ಡಿಎನ್‌ಎಯಲ್ಲಿ ಮೈಟೋಕಾಂಡ್ರಿಯಾದಿಂದ ಬಂದ ತುಂಡುಗಳು ಅಲ್ಲಲ್ಲಿ ಬಿದ್ದಿವೆ. ಹೆಚ್ಚಿನವು ಯಾವ ಕೆಲಸಕ್ಕೂ ಬಾರದ ಹಳೇ ಕಾಪಿ-ಪೇಸ್ಟ್.

ಪ್ರಶ್ನೆ (ಹೆಸರು ಬೇಡ ಎಂದವರು): ಇದೆಲ್ಲ ಬರೀ ಥಿಯರಿ ಅಲ್ವಾ? ಒಂದೂವರೆ ಶತಕೋಟಿ ವರ್ಷ ಹಿಂದೆ ಯಾರು ನೋಡಿದ್ರು?

ಉತ್ತರ: ಯಾರೂ ನೋಡಿಲ್ಲ. ಕಳ್ಳತನವನ್ನೂ ಸಾಮಾನ್ಯವಾಗಿ ಯಾರೂ ನೋಡಿರುವುದಿಲ್ಲ, ಬೆರಳಚ್ಚು ನೋಡುತ್ತೇವೆ.

ಈ ಯೋಚನೆ ಗೆದ್ದ ಕಥೆಯೇ ಸಂಶಯಪಟ್ಟವರ ಕಥೆ. ರಷ್ಯಾದ ಮೆರೆಷ್ಕೋವ್‌ಸ್ಕಿ 1905ರಲ್ಲೇ ಹಸಿರು ಕಣಗಳು ಹೊರಗಿನಿಂದ ಬಂದ ಜೀವಿಗಳು ಎಂದು ಬರೆದ. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1960ರ ದಶಕದ ಮೊದಲಲ್ಲಿ ಕ್ಲೋರೋಪ್ಲಾಸ್ಟ್ ಮತ್ತು ಮೈಟೋಕಾಂಡ್ರಿಯಾ ಒಳಗೆ ಡಿಎನ್‌ಎ ಇರುವುದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಂಡಿತು. 1967ರಲ್ಲಿ ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಎಲ್ಲವನ್ನೂ ಜೋಡಿಸಿ ಒಂದು ದೊಡ್ಡ ಲೇಖನ ಪ್ರಕಟಿಸಿದಳು. ಆಗ ಅವಳಿಗೆ 29. ಅದಕ್ಕೂ ಮುಂಚೆ ಸುಮಾರು 15 ಪತ್ರಿಕೆಗಳು ಅದನ್ನು ವಾಪಸ್ ಕಳಿಸಿದ್ದವು ಎಂದು ಅವಳೇ ಹೇಳುತ್ತಿದ್ದಳು.

ಬೆರಳಚ್ಚು ಸಿಗತೊಡಗಿದ್ದು 1970ರ ದಶಕದಲ್ಲಿ. ರೈಬೋಸೋಮಿನ ಆರ್‌ಎನ್‌ಎ ಅಕ್ಷರಗಳನ್ನು ಹೋಲಿಸಿ ನೋಡಿದರು. ಕ್ಲೋರೋಪ್ಲಾಸ್ಟಿನದ್ದು ಅದೇ ಗಿಡದ ಕೋಶಕೇಂದ್ರದ ಜೊತೆ ಹೊಂದಲಿಲ್ಲ, ಸಯನೋಬ್ಯಾಕ್ಟೀರಿಯಾ ಜೊತೆ ಹೊಂದಿತು. ಮುಂದೆ 1980ರ ದಶಕದಲ್ಲಿ ಮೈಟೋಕಾಂಡ್ರಿಯಾದ್ದು ಆಲ್ಫಾ ಪ್ರೋಟಿಯೋಬ್ಯಾಕ್ಟೀರಿಯಾ ಎಂಬ ಗುಂಪಿನ ಹತ್ತಿರ ಬಂದು ಕೂತಿತು. ಟೈಫಸ್ ಜ್ವರದ ರಿಕೆಟ್ಸಿಯಾ ಅದೇ ಗುಂಪಿನದು. ಅದೂ ಕೋಶದೊಳಗೇ ಬದುಕುವುದು, ಗಮನಿಸಿ.

ಮಾರ್ಗುಲಿಸ್ ಹೇಳಿದ್ದೆಲ್ಲ ಸರಿಯಾಗಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಕೋಶದ ಬಾಲ, ಅಂದರೆ ಫ್ಲಾಜೆಲಾ ಕೂಡ ಸುರುಳಿ ಬ್ಯಾಕ್ಟೀರಿಯಾದಿಂದಲೇ ಬಂತು ಎಂದು ಅವಳು ಕೊನೆತನಕ ಹಟ ಹಿಡಿದಿದ್ದಳು. ಅದಕ್ಕೆ ಬೆರಳಚ್ಚು ಸಿಗಲಿಲ್ಲ, ಹಾಗಾಗಿ ಯಾರೂ ಒಪ್ಪಲಿಲ್ಲ. ಬರೀ ಥಿಯರಿ ಆಗಿದ್ದರೆ ಎರಡನ್ನೂ ಒಪ್ಪಬೇಕಿತ್ತು ಅಲ್ವಾ?

ಪ್ರಶ್ನೆ (ನರ್ಸ್, ಹುಬ್ಬಳ್ಳಿ): ಮೈಟೋಕಾಂಡ್ರಿಯಾ ಬ್ಯಾಕ್ಟೀರಿಯಾ ಆಗಿದ್ದರೆ ಆಂಟಿಬಯೋಟಿಕ್ ಕೊಟ್ಟಾಗ ಅದಕ್ಕೂ ಪೆಟ್ಟು ಬೀಳಬೇಕಲ್ಲ?

ಉತ್ತರ: ಬೀಳುತ್ತದೆ, ಕೆಲವು ಔಷಧಿಗಳಲ್ಲಿ. ನಿಮ್ಮ ವಾರ್ಡಿನಲ್ಲೇ ನೋಡಿರುತ್ತೀರಿ.

ಪೆನಿಸಿಲಿನ್ ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಹೊಡೆಯುತ್ತದೆ. ಮೈಟೋಕಾಂಡ್ರಿಯಾ ಆ ಗೋಡೆಯನ್ನು ಎಂದೋ ಕಳೆದುಕೊಂಡಿದೆ, ಅದಕ್ಕೆ ತೊಂದರೆ ಇಲ್ಲ. ಆದರೆ ಕೆಲವು ಔಷಧಿಗಳು ಬ್ಯಾಕ್ಟೀರಿಯಾದ ರೈಬೋಸೋಮನ್ನು ಹೊಡೆಯುತ್ತವೆ. ನಮ್ಮ ಕೋಶದ ಸಾಮಾನ್ಯ ರೈಬೋಸೋಮ್ ಬೇರೆ ಥರ, ಅದಕ್ಕೇ ಆ ಔಷಧಿ ನಮ್ಮನ್ನು ಕೊಲ್ಲುವುದಿಲ್ಲ. ಮೈಟೋಕಾಂಡ್ರಿಯಾದ್ದು ಮಾತ್ರ ಹಳೇ ನೆಂಟಸ್ತಿಕೆ ಉಳಿಸಿಕೊಂಡಿದೆ. ಟೈಫಾಯ್ಡಿಗೆ ಹಿಂದೆ ಧಾರಾಳವಾಗಿ ಕೊಡುತ್ತಿದ್ದ ಕ್ಲೋರಾಂಫೆನಿಕಾಲ್ ಮೂಳೆಮಜ್ಜೆಯ ಕೆಲಸ ಕುಗ್ಗಿಸುವುದಕ್ಕೆ ಇದು ಒಂದು ಕಾರಣ. ಲೈನೆಝೋಲಿಡ್ ತಿಂಗಳುಗಟ್ಟಲೆ ಕೊಟ್ಟಾಗ ಕಣ್ಣಿನ ನರ ಸೊರಗುವುದು, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವುದು, ಇವೂ ಅಲ್ಲಿಂದಲೇ.

ನನಗೆ ಮೈ ಜುಮ್ಮೆನಿಸುವುದು ಕಿವಿಯ ವಿಷಯ. ಸ್ಟ್ರೆಪ್ಟೋಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್ ಗುಂಪಿನ ಔಷಧಿಯಿಂದ ಕೆಲವರಿಗೆ ಕಿವುಡು ಬರುತ್ತದೆ. ಡೋಸ್ ಜಾಸ್ತಿಯಾದರೆ ಯಾರಿಗಾದರೂ ಬರಬಹುದು. ಆದರೆ ಕೆಲವು ಮನೆತನಗಳಲ್ಲಿ ಸರಿಯಾದ ಡೋಸಿಗೂ ಬರುತ್ತದೆ, ಅದೂ ತಾಯಿಯ ಕಡೆಯ ಸಂಬಂಧಿಕರಲ್ಲಿ. ಕಾರಣ, ಅವರ ಮೈಟೋಕಾಂಡ್ರಿಯಾ ಡಿಎನ್‌ಎಯಲ್ಲಿ 1555ನೇ ಜಾಗದಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಆ ಬದಲಾವಣೆಯಿಂದ ಅವರ ಮೈಟೋಕಾಂಡ್ರಿಯಾದ ರೈಬೋಸೋಮ್ ಇನ್ನಷ್ಟು ಬ್ಯಾಕ್ಟೀರಿಯಾ ರೂಪಕ್ಕೆ ಹತ್ತಿರವಾಗುತ್ತದೆ. ಔಷಧಿ ಅದನ್ನು ಶತ್ರು ಎಂದುಕೊಂಡು ಹಿಡಿಯುತ್ತದೆ.

ಇದನ್ನು ಓದಿ ಯಾರೂ ನಡೆಯುತ್ತಿರುವ ಔಷಧಿ ನಿಲ್ಲಿಸಬೇಡಿ, ಮುಖ್ಯವಾಗಿ ಟಿಬಿ ಔಷಧಿ. ಅಮ್ಮನ ಕಡೆಯವರಲ್ಲಿ ಇಂಜೆಕ್ಷನ್ ಆದ ಮೇಲೆ ಕಿವಿ ಹೋದವರಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಅಷ್ಟೇ.

ಪ್ರಶ್ನೆ (ಪ್ರವಾಸ ಏಜೆನ್ಸಿ ನಡೆಸುವವರು, ಮೈಸೂರು): ಆಫ್ರಿಕಾಕ್ಕೆ ಹೋಗುವವರಿಗೆ ಮಲೇರಿಯಾ ತಡೆಯಲು ಡಾಕ್ಸಿಸೈಕ್ಲಿನ್ ಬರೆದುಕೊಡ್ತಾರೆ. ಮಲೇರಿಯಾ ಬ್ಯಾಕ್ಟೀರಿಯಾ ಅಲ್ವಲ್ಲ? ಆಂಟಿಬಯೋಟಿಕ್ ಯಾಕೆ?

ಉತ್ತರ: ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು. ಇದು ನನ್ನ ಇಷ್ಟದ ಪಾಠ.

ಮಲೇರಿಯಾ ತರುವ ಪ್ಲಾಸ್ಮೋಡಿಯಂ ಬ್ಯಾಕ್ಟೀರಿಯಾ ಅಲ್ಲ, ನಮ್ಮಂತೆ ಕೋಶಕೇಂದ್ರ ಇರುವ ಒಂಟಿಕೋಶ ಜೀವಿ. ಆದರೆ ಅದರ ಪೂರ್ವಿಕರು ಬಿಸಿಲಿನಲ್ಲಿ ಬದುಕುತ್ತಿದ್ದವರು. ಕಥೆ ಹೀಗೆ: ಮೊದಲು ಸಯನೋಬ್ಯಾಕ್ಟೀರಿಯಾ ಒಂದು ಕೋಶದೊಳಗೆ ಸೇರಿ ಪಾಚಿಯಾಯಿತು. ಆಮೇಲೆ ಆ ಪಾಚಿಯ ಒಂದು ವಂಶ, ಕೆಂಪು ಪಾಚಿ, ಇಡಿಯಾಗಿ ಇನ್ನೊಂದು ಕೋಶದೊಳಗೆ ಸೇರಿತು. ಡಬ್ಬಿಯೊಳಗೆ ಡಬ್ಬಿ. ಆ ವಂಶದ ಮರಿಮಕ್ಕಳು ಬಿಸಿಲು ಬಿಟ್ಟು ಪ್ರಾಣಿಗಳ ರಕ್ತಕ್ಕೆ ಬಂದು ಪರಾವಲಂಬಿಗಳಾದರು. ಹಸಿರು ಹೋಯಿತು, ಡಬ್ಬಿ ಉಳಿಯಿತು. ಅದಕ್ಕೆ ಈಗ ಎಪಿಕೋಪ್ಲಾಸ್ಟ್ ಎಂದು ಹೆಸರು. ಸುತ್ತ ನಾಲ್ಕು ಪೊರೆ. ಪೊರೆ ಎಣಿಸಿದರೆ ಎಷ್ಟು ಸಲ ಒಳಹೊಕ್ಕ ಕಥೆ ಅಂತ ಅಂದಾಜಾಗುತ್ತದೆ.

ಬೆಳಕು ಹಿಡಿಯುವ ಕೆಲಸ ಇಲ್ಲದಿದ್ದರೂ ಆ ಡಬ್ಬಿಯಲ್ಲಿ ಪರಾವಲಂಬಿಗೆ ಬೇಕಾದ ಐಸೋಪ್ರಿನಾಯ್ಡ್ ಎಂಬ ಸಾಮಾನು ತಯಾರಾಗುತ್ತದೆ. ಅದಿಲ್ಲದೆ ಅದು ಬದುಕುವುದಿಲ್ಲ. ಡಾಕ್ಸಿಸೈಕ್ಲಿನ್ ಹೊಡೆಯುವುದು ಆ ಡಬ್ಬಿಯೊಳಗಿನ ಬ್ಯಾಕ್ಟೀರಿಯಾ ಜಾತಿಯ ರೈಬೋಸೋಮನ್ನು. ತಮಾಷೆ ಏನೆಂದರೆ ಔಷಧಿ ತಗುಲಿದ ಪರಾವಲಂಬಿ ತಕ್ಷಣ ಸಾಯುವುದಿಲ್ಲ. ತನ್ನ ಸರದಿ ಮುಗಿಸಿ ಮರಿ ಹಾಕುತ್ತದೆ. ಕೆಟ್ಟ ಡಬ್ಬಿ ಪಡೆದ ಮರಿಗಳು ಸಾಯುತ್ತವೆ. ಹೆಪ್ಪು ಕೆಟ್ಟರೆ ಇವತ್ತಿನ ಮೊಸರಿಗೆ ಏನೂ ಆಗುವುದಿಲ್ಲ, ನಾಳೆಯದು ಕೆಡುತ್ತದೆ, ಹಾಗೆ. ಅದಕ್ಕೇ ಜ್ವರ ಏರಿದವರಿಗೆ ಇದೊಂದನ್ನೇ ಕೊಟ್ಟು ಸುಮ್ನೆ ಕೂರುವುದಿಲ್ಲ, ಬೇಗ ಕೆಲಸ ಮಾಡುವ ಬೇರೆ ಔಷಧಿ ಜೊತೆಗಿರುತ್ತದೆ.

ಆನೆಕಾಲು ರೋಗದ ಹುಳದಲ್ಲೂ ಇಂಥದ್ದೇ ಗುಟ್ಟು ಇದೆ. ಆ ಹುಳದೊಳಗೆ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಡಾಕ್ಸಿಸೈಕ್ಲಿನ್ ಕೆಲವು ವಾರ ಕೊಟ್ಟು ಬ್ಯಾಕ್ಟೀರಿಯಾ ಕೊಂದರೆ ಹುಳ ಬಂಜೆಯಾಗುತ್ತದೆ, ನಿಧಾನಕ್ಕೆ ಸಾಯುತ್ತದೆ.

ಪ್ರಶ್ನೆ (ಕೃಷಿಕರು, ಚಳ್ಳಕೆರೆ): ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ಹೊಲದಲ್ಲಿ ದುಡಿಯೋರಿಗೆ ಇದರಿಂದ ಏನು?

ಉತ್ತರ: ನೀವು ಸೂರ್ಯಕಾಂತಿ ಹಾಕಿದ್ದೀರಾ? ಹಾಕಿದ್ದರೆ ನಿಮ್ಮ ಹೈಬ್ರಿಡ್ ಬೀಜದ ಪ್ಯಾಕೆಟ್ ನಿಂತಿರುವುದೇ ಇದರ ಮೇಲೆ.

ಹೈಬ್ರಿಡ್ ಬೀಜ ಮಾಡಬೇಕಾದರೆ ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಪರಾಗ ಬೀಳಬೇಕು, ಸ್ವಂತದ್ದು ಬೀಳಬಾರದು. ಸೂರ್ಯಕಾಂತಿಯ ಒಂದು ತೆನೆಯನ್ನು ಹತ್ತಿರದಿಂದ ನೋಡಿ. ನಾವು ಹೂವು ಅನ್ನುವುದು ಒಂದು ಹೂವಲ್ಲ, ನೂರಾರು ಪುಟ್ಟ ಹೂಗಳ ತಟ್ಟೆ. ದಿನಕ್ಕೆ ಕೆಲವು ಸುತ್ತು ಹೊರಗಿನಿಂದ ಒಳಕ್ಕೆ ಅರಳುತ್ತಾ ಹೋಗುತ್ತವೆ. ಒಂದೊಂದರ ಕೇಸರವನ್ನೂ ಚಿಮುಟದಲ್ಲಿ ಕೀಳುತ್ತಾ ಕೂತರೆ ಬೀಜದ ಬೆಲೆ ಚಿನ್ನದಷ್ಟಾಗುತ್ತದೆ. ಹಾಗಾಗಿ ಪರಾಗವೇ ಬಿಡದ ಗಿಡ ಬೇಕು. 1969ರಲ್ಲಿ ಫ್ರಾನ್ಸಿನ ಲೆಕ್ಲರ್ಕ್ ಎಂಬ ವಿಜ್ಞಾನಿ ಕಾಡು ಸೂರ್ಯಕಾಂತಿಯ ಜೊತೆ ಸಂಕರ ಮಾಡಿದಾಗ ಅಂಥ ಗಿಡ ಸಿಕ್ಕಿತು. ಅದರ ಮೈಟೋಕಾಂಡ್ರಿಯಾ ಡಿಎನ್‌ಎಯಲ್ಲಿ ಒಂದು ಎಡವಟ್ಟು ಜೀನ್ ಇದೆ. ಎಲೆ, ಕಾಂಡ, ಕಾಳು ಎಲ್ಲ ಸರಿಯಾಗಿ ಬರುತ್ತವೆ. ಪರಾಗ ಬೆಳೆಯುವ ಹೊತ್ತಿಗೆ ಮಾತ್ರ ಅದನ್ನು ಸಾಕುವ ಪದರ ಅವಧಿಗೆ ಮುಂಚೆ ಸತ್ತುಹೋಗುತ್ತದೆ.

ಭಾರತದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಈ ದಾರಿಯಲ್ಲೇ ಬಂದದ್ದು, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ, 1980ರಲ್ಲಿ. ಭತ್ತದ ಹೈಬ್ರಿಡ್‌ನಲ್ಲೂ ಇದೇ ತಂತ್ರ. ಮಂಡ್ಯದ ವಿ.ಸಿ. ಫಾರಂನ ಕೆಆರ್‌ಎಚ್-2 ಹಾಗೆಯೇ ಬಂದದ್ದು.

ಈಗ ನೀವು ಕೇಳಬಹುದು: ಪರಾಗವೇ ಇಲ್ಲದ ತಾಯಿಯ ಬೀಜ ಬಿತ್ತಿದರೆ ನನ್ನ ಹೊಲದಲ್ಲಿ ಕಾಳು ಹೇಗೆ ಕಟ್ಟುತ್ತದೆ? ಅದಕ್ಕೇ ತಂದೆ ತಳಿಯನ್ನು ಹುಡುಕಿ ಆರಿಸುತ್ತಾರೆ. ಆ ತಂದೆಯ ಕೋಶಕೇಂದ್ರದಲ್ಲಿ ಎಡವಟ್ಟು ಜೀನಿನ ಬಾಯಿ ಮುಚ್ಚಿಸುವ ಇನ್ನೊಂದು ಜೀನ್ ಇರುತ್ತದೆ. ಬೀಜದವರು ಆರ್ ಲೈನ್ ಎನ್ನುವುದು ಅದಕ್ಕೇ. ಪರಾಗ ಬಿಡದ ತಾಯಿ ಎ ಲೈನ್.

ಇಲ್ಲಿ ಸ್ವಲ್ಪ ನಿಲ್ಲಿ. ಮೈಟೋಕಾಂಡ್ರಿಯಾ ಯಾಕೆ ಪರಾಗಕ್ಕೆ ಕಲ್ಲು ಹಾಕಬೇಕು? ಸೂರ್ಯಕಾಂತಿಯಂಥ ಗಿಡಗಳಲ್ಲಿ ಅದು ಮುಂದಿನ ಪೀಳಿಗೆಗೆ ಹೋಗುವುದು ಬೀಜಾಂಡದ ಮೂಲಕ, ಪರಾಗದ ಮೂಲಕ ಅಲ್ಲ. ಅದರ ಲೆಕ್ಕದಲ್ಲಿ ಪರಾಗಕ್ಕೆ ಹಾಕಿದ ಖರ್ಚು ದಂಡ. ಕೋಶಕೇಂದ್ರದ ಜೀನ್‌ಗಳಿಗೆ ಪರಾಗವೂ ಬೇಕು, ಬೀಜಾಂಡವೂ ಬೇಕು. ಇಷ್ಟು ಕಾಲ ಒಂದೇ ಮನೆಯಲ್ಲಿದ್ದರೂ ಇಬ್ಬರ ಲೆಕ್ಕದ ಪುಸ್ತಕ ಒಂದಾಗಿಲ್ಲ. ಕೋಶ ಅಂದರೆ ಒಗ್ಗಟ್ಟಿನ ಕಾರ್ಖಾನೆ ಅಂತ ಪಾಠದಲ್ಲಿ ಬರೆದಿರುತ್ತೇವೆ. ನನಗೆ ಅದು ಪಾಲಾಗದ ಕೂಡು ಕುಟುಂಬದ ಹಾಗೆ ಕಾಣುತ್ತದೆ.

ಒಂದೇ ಮೈಟೋಕಾಂಡ್ರಿಯಾವನ್ನು ಎಲ್ಲ ಕಡೆ ಬಿತ್ತುವುದರಲ್ಲಿ ಅಪಾಯವೂ ಇದೆ. ಅಮೆರಿಕದಲ್ಲಿ ಮೆಕ್ಕೆಜೋಳದ ಹೈಬ್ರಿಡ್‌ಗಳಲ್ಲಿ ಹೆಚ್ಚಿನವು 'ಟೆಕ್ಸಾಸ್' ಮಾದರಿಯ ಒಂದೇ ತಾಯಿವಂಶದ್ದಾಗಿದ್ದವು. 1970ರಲ್ಲಿ ಒಂದು ಎಲೆಚುಕ್ಕೆ ಶಿಲೀಂಧ್ರದ ವಿಷ ಆ ಮೈಟೋಕಾಂಡ್ರಿಯಾವನ್ನೇ ಹಿಡಿಯಿತು. ದೇಶದ ಬೆಳೆಯಲ್ಲಿ ಸುಮಾರು 15 ಶೇಕಡಾ ಹೋಯಿತು.

ಪ್ರಶ್ನೆ (ಗೃಹಿಣಿ, ಕುಂದಾಪುರ): ಮೈಟೋಕಾಂಡ್ರಿಯಾ ಅಮ್ಮನಿಂದ ಮಾತ್ರ ಬರುತ್ತದೆ ಅಂದ್ರಿ. ಅಪ್ಪನದ್ದು ಎಲ್ಲಿ ಹೋಗ್ತದೆ?

ಉತ್ತರ: ನೀವು ನಮ್ಮ ಕಡೆಯವರು, ಹಾಗಾಗಿ ಸುಲಭವಾಗಿ ಹೇಳಬಹುದು. ಮೈಟೋಕಾಂಡ್ರಿಯಾದ್ದು ಅಳಿಯಕಟ್ಟು. ತುಳುನಾಡಿನಲ್ಲಿ ಬಳಿ, ಅಂದರೆ ಕುಲದ ಹೆಸರು, ಹೇಗೆ ಅಮ್ಮನಿಂದ ಮಕ್ಕಳಿಗೆ ಬರುತ್ತದೋ ಹಾಗೆ. ಗಂಡುಮಕ್ಕಳಿಗೂ ಅಮ್ಮನ ಬಳಿಯೇ ಇರುತ್ತದೆ, ಆದರೆ ಅವರು ತಮ್ಮ ಮಕ್ಕಳಿಗೆ ಅದನ್ನು ಕೊಡಲಾರರು. ಗೋತ್ರದ ಲೆಕ್ಕಕ್ಕೆ ಪೂರ್ತಿ ಉಲ್ಟಾ.

ವೀರ್ಯಾಣುವಿನ ಕುತ್ತಿಗೆಯಲ್ಲಿ ಹತ್ತಾರು ಮೈಟೋಕಾಂಡ್ರಿಯಾ ಇರುತ್ತವೆ, ಈಜಲು ಶಕ್ತಿ ಬೇಕಲ್ಲ. ಅಂಡದಲ್ಲಿ ಲಕ್ಷದ ಲೆಕ್ಕ. ಜೊತೆಗೆ, ಅಪ್ಪನ ಕಡೆಯಿಂದ ಬಂದವಕ್ಕೆ ಗುರುತುಚೀಟಿ ಹಚ್ಚಿ ಅಂಡವೇ ಒಡೆದುಹಾಕುತ್ತದೆ.

ಕ್ಲೋರೋಪ್ಲಾಸ್ಟ್ ಕೂಡ ಹೆಚ್ಚಿನ ಹೂಗಿಡಗಳಲ್ಲಿ ಹೀಗೇ. ನಿಮ್ಮ ಅಂಗಳದಲ್ಲಿ ಸಂಜೆಮಲ್ಲಿಗೆ ಇದೆಯಾ? ಕೆಲವು ಗಿಡದಲ್ಲಿ ಎಲೆ ಬಿಳಿ-ಹಸಿರು ಮಚ್ಚೆಯಾಗಿರುತ್ತದೆ. ಅದೇ ಗಿಡದಲ್ಲಿ ಒಂದು ಕೊಂಬೆ ಪೂರ್ತಿ ಹಸಿರು, ಒಂದು ಪೂರ್ತಿ ಬಿಳಿ ಬರುವುದೂ ಉಂಟು. 1909ರಲ್ಲಿ ಜರ್ಮನಿಯ ಕಾರ್ಲ್ ಕೊರೆನ್ಸ್ ಇದೇ ಗಿಡದಲ್ಲಿ ಪರಾಗ ಅದಲುಬದಲು ಮಾಡಿ ನೋಡಿದ. ಹಸಿರು ಕೊಂಬೆಯ ಬೀಜದಿಂದ ಹಸಿರು ಸಸಿ, ಬಿಳಿ ಕೊಂಬೆಯ ಬೀಜದಿಂದ ಬಿಳಿ ಸಸಿ, ಪರಾಗ ಯಾವ ಕೊಂಬೆಯದ್ದಾದರೂ ಸರಿ. ಬಿಳಿ ಸಸಿಗಳು ಹಸಿರಿಲ್ಲದೆ ಬೇಗ ಸತ್ತವು. ಮಚ್ಚೆ ಕೊಂಬೆಯ ಬೀಜದಿಂದ ಮೂರೂ ಥರ ಬಂದವು. ಮೆಂಡಲ್‌ನ ನಿಯಮವನ್ನು 1900ರಲ್ಲಿ ಮತ್ತೆ ಕಂಡುಹಿಡಿದ ಮೂವರಲ್ಲಿ ಒಬ್ಬ ಈ ಕೊರೆನ್ಸ್. ಅದೇ ನಿಯಮ ನಡೆಯದ ಜಾಗ ತೋರಿಸಿದವನೂ ಅವನೇ.

ಪ್ರಶ್ನೆ (ಶಾಲಾ ಶಿಕ್ಷಕರು, ಕಲಬುರಗಿ): ಕಲ್ಲುಹೂವು, ತೊಗರಿ ಬೇರಿನ ಗಂಟು ಇವನ್ನೂ ಉದಾಹರಣೆಯಾಗಿ ಹೇಳಬಹುದೇ?

ಉತ್ತರ: ಕಲ್ಲುಹೂವು ಬೇಡ. ಅಲ್ಲಿ ಪಾಚಿ ಶಿಲೀಂಧ್ರದ ಎಳೆಗಳ ನಡುವೆ ಇರುತ್ತದೆ, ಕೋಶದ ಒಳಗೆ ಅಲ್ಲ.

ತೊಗರಿ, ಶೇಂಗಾ ಗಂಟು ಧಾರಾಳವಾಗಿ ಹೇಳಿ. ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾ ಬೇರಿನ ಕೋಶದ ಒಳಗೇ ಕೂತು ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುತ್ತದೆ. ಮಕ್ಕಳಿಂದ ಒಂದು ಶೇಂಗಾ ಗಿಡ ಕೀಳಿಸಿ, ಗಂಟನ್ನು ಉಗುರಿನಿಂದ ಸೀಳಿಸಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೀತಾ ಇದೆ ಎಂದರ್ಥ. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟ. ಆದರೆ ಇದು ಇನ್ನೂ ಒಕ್ಕಲು, ಮನೆಯವನಾಗಿಲ್ಲ. ಬೀಜದ ಜೊತೆ ಹೋಗುವುದಿಲ್ಲ, ಪ್ರತಿ ಗಿಡವೂ ಮಣ್ಣಿನಿಂದ ಹೊಸದಾಗಿ ಕರೆದುಕೊಳ್ಳಬೇಕು. ಅದಕ್ಕೇ ಬಿತ್ತುವಾಗ ರೈಜೋಬಿಯಂ ಪುಡಿ ಬೀಜಕ್ಕೆ ಹಚ್ಚುವುದು.

ಇದೇ ಸಾರಜನಕದ ಕೆಲಸ ಮಾಡುವ ಬ್ಯಾಕ್ಟೀರಿಯಾ ಸಮುದ್ರದ ಒಂದು ಒಂಟಿಕೋಶ ಪಾಚಿಯಲ್ಲಿ ಮನೆಯವನೇ ಆಗಿಬಿಟ್ಟಿದೆ ಎಂದು 2024ರಲ್ಲಿ ತೋರಿಸಿದರು. ಪಾಚಿ ಎರಡಾಗುವಾಗ ಅದೂ ಜೊತೆಗೇ ಎರಡಾಗುತ್ತದೆ, ಪಾಚಿ ಕಳಿಸಿದ ಪ್ರೋಟೀನ್ ತೆಗೆದುಕೊಳ್ಳುತ್ತದೆ. ನೈಟ್ರೋಪ್ಲಾಸ್ಟ್ ಎಂದು ಹೆಸರಿಟ್ಟಿದ್ದಾರೆ. ಆ ಕೂಡಾವಳಿ ಶುರುವಾಗಿ ಸುಮಾರು 10 ಕೋಟಿ ವರ್ಷ. ಈ ಲೆಕ್ಕದಲ್ಲಿ ಹೊಸ ಸಂಸಾರ.

ಪ್ರಶ್ನೆ (ಹೆಸರು ಬೇಡ ಎಂದವರು): ಮೈಟೋಕಾಂಡ್ರಿಯಾ ಇಲ್ಲದೆ ಬದುಕೋದು ಇದೆಯಾ?

ಉತ್ತರ: ಬ್ಯಾಕ್ಟೀರಿಯಾಗಳೆಲ್ಲ ಹಾಗೇ ಬದುಕುತ್ತವೆ. ನಮ್ಮ ಕೆಂಪು ರಕ್ತಕಣವೂ ಬಲಿತ ಮೇಲೆ ಮೈಟೋಕಾಂಡ್ರಿಯಾ ಬಿಟ್ಟುಬಿಡುತ್ತದೆ. ಕೋಶಕೇಂದ್ರ ಇರುವ ಇಡೀ ಜೀವಿ ಅಂದರೆ ಮೋನೋಸರ್ಕೊಮೊನಾಯ್ಡಿಸ್ ಎಂಬ ಒಂಟಿಕೋಶ ಜೀವಿ. ಚಿಂಚಿಲಾ ಎಂಬ ಸಾಕು ಮೊಲದಂಥ ಪ್ರಾಣಿಯ ಕರುಳಿನಿಂದ ಬಂದದ್ದು, 2016ರಲ್ಲಿ ಗೊತ್ತಾಯಿತು. ಅದರ ಹಿರಿಯರಿಗೆ ಇತ್ತು, ಇದು ಕಳೆದುಕೊಂಡಿದೆ.

ಪ್ರಶ್ನೆ (ಮೊದಲು ಕೇಳಿದ ವಿದ್ಯಾರ್ಥಿನಿ): ಮೇಡಂ, ಇದನ್ನ ಕಣ್ಣಲ್ಲಿ ನೋಡೋಕಾಗುತ್ತಾ? ನಮ್ಮ ಲ್ಯಾಬ್‌ನಲ್ಲಿ ಸಾದಾ ಮೈಕ್ರೋಸ್ಕೋಪ್ ಮಾತ್ರ ಇದೆ.

ಉತ್ತರ: ಮೈಟೋಕಾಂಡ್ರಿಯಾ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಕ್ಲೋರೋಪ್ಲಾಸ್ಟ್ ಕಾಣುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಹೈಡ್ರಿಲ್ಲಾ ಸಿಗುತ್ತದೆ. ತುದಿಯ ಹತ್ತಿರದ ಎಳೆ ಎಲೆ ಒಂದನ್ನು ಹಾಗೇ ನೀರಿನ ಹನಿಯಲ್ಲಿಟ್ಟು ಗಾಜು ಮುಚ್ಚು. ಎಲೆ ಎರಡೇ ಕೋಶ ದಪ್ಪ, ಕತ್ತರಿಸುವ ಕೆಲಸ ಇಲ್ಲ. ಬೆಳಕು ಬಿಟ್ಟು ಐದು ನಿಮಿಷ ಕಾಯಿ. ಆಮೇಲೆ 40ರ ಲೆನ್ಸಿನಲ್ಲಿ ನೋಡು.

ಅದೇ ವಿದ್ಯಾರ್ಥಿನಿ (ಎರಡು ದಿನ ಬಿಟ್ಟು): ನೋಡಿದೆ ಮೇಡಂ!! ಹಸಿರು ಮಣಿಗಳು ಗೋಡೆ ಪಕ್ಕದಲ್ಲೇ ಸಾಲಾಗಿ ಸುತ್ತು ಹೊಡೀತಾ ಇದ್ವು, ಬಸ್ ಸ್ಟ್ಯಾಂಡ್ ಸುತ್ತ ಆಟೋ ತಿರುಗೋ ಹಾಗೆ. ಆದರೆ ಒಂದೆರಡು ದುಂಡಗಿರಲಿಲ್ಲ, ನಡುವೆ ಸೊಂಟ ಸಣ್ಣಗಾಗಿತ್ತು. ಅದು ಹಾಳಾಗಿರೋದಾ?

ಉತ್ತರ: ಹಾಳಾದದ್ದಲ್ಲ. ಎಳೆ ಎಲೆಯಲ್ಲಿ ಹಾಗೆ ಕಂಡರೆ ಅದು ಎರಡಾಗುತ್ತಿರುವ ಕ್ಲೋರೋಪ್ಲಾಸ್ಟ್ ಇರಬಹುದು. ಆ ಸೊಂಟದ ಒಳಗಡೆ ಎಫ್‌ಟಿಎಸ್‌ಝಡ್ ಎಂಬ ಪ್ರೋಟೀನಿನ ಉಂಗುರ ಬಿಗಿಯುತ್ತದೆ. ಬ್ಯಾಕ್ಟೀರಿಯಾ ಎರಡಾಗುವಾಗಲೂ ನಡುವಿನಲ್ಲಿ ಬಿಗಿಯುವುದು ಅದೇ ಪ್ರೋಟೀನಿನ ಉಂಗುರ. ಫೋಟೋ ತೆಗೆದಿದ್ದರೆ ಇಲ್ಲೇ ಹಾಕು.